ಅಕ್ಕನ ಸಣ್ಣ ನಗು

ನಮ್ಮಕ್ಕನಿಗೆ ಬೀದಿಯಲ್ಲಿ ಹಲೋಮ್ಮ ಎಂದೇ ಹೆಸರು. ಇಟ್ಟವಳು ನಾನೇ. ಗ್ಯಾಸ್ ಕಂಪನಿಯ ಕಾಲ್ ಸೆಂಟರಿನಲ್ಲಿ ಕೂತು ಊರವರ ದೂರು ಕೇಳುವುದು ಅವಳ ಕೆಲಸ. ಸಿಲಿಂಡರ್ ಬಂದಿಲ್ಲ, ರೆಗ್ಯುಲೇಟರ್ ಸೋರುತ್ತಿದೆ, ನಿಮ್ಮವನು ಮೆಟ್ಟಿಲು ಹತ್ತಿ ಬರಲಿಲ್ಲ, ಎಲ್ಲ ಬೈಗುಳವೂ ಮೊದಲು ಅವಳ ಕಿವಿಗೇ. ಮನೆಯಲ್ಲಿ ಫೋನ್ ಎತ್ತಿದರೂ ‘ನಮಸ್ಕಾರ, ಹೇಳಿ, ನನ್ನಿಂದ ಏನಾಗಬೇಕು’ ಎಂದುಬಿಡುವಳು. ಒಮ್ಮೆ ನನಗೇ ಹಾಗಂದಳು. ನಿನ್ನಿಂದ ಏನೂ ಆಗಬೇಕಿಲ್ಲ ಮಹಾತಾಯಿ, ಬಂದು ನಿನ್ನ ಬಟ್ಟೆ ತಗೊಂಡು ಹೋಗು ಅಂದೆ. ನನ್ನದು ಟೈಲರಿಂಗ್ ಅಂಗಡಿ. ನನ್ನ ನಾಲಿಗೆಗೂ ಕತ್ತರಿಗೂ ವ್ಯತ್ಯಾಸವಿಲ್ಲ ಎಂದು ಭಾವ ಹೇಳುತ್ತಿದ್ದರು. ಭಾವ ತೀರಿಕೊಂಡ ಮೇಲೆ ಅಕ್ಕನ ಮನೆ ನಡೆದದ್ದು ಆ ಕಾಲ್ ಸೆಂಟರಿನ ಕುರ್ಚಿಯಿಂದ. ಮಗಳ ಕಾಲೇಜೂ ಅದರಿಂದಲೇ. ಕುರ್ಚಿ ಹೋದರೆ ಅವರಿಬ್ಬರಿಗೂ ಬೇರೆ ದಿಕ್ಕಿರಲಿಲ್ಲ.

ಅಕ್ಕನಿಗೆ ದಣಿವಾದರೆ ಮುಖ ನೋಡಿ ಹೇಳಲಾಗದು. ದಣಿದಷ್ಟೂ ಅವಳ ಮಾತು ಮೆತ್ತಗಾಗುತ್ತದೆ. ಜೊತೆಗೆ, ಉತ್ತರ ಕೊಡುವ ಮೊದಲು ಮೂಗಿನೊಳಗೇ ಸಣ್ಣದೊಂದು ನಗು ಬರುತ್ತದೆ. ಕೇಳಿದವರು ಎಷ್ಟು ಖುಷಿಯಾಗಿದ್ದಾಳೆ ಎಂದುಕೊಳ್ಳಬೇಕು. ಅದು ಖುಷಿಯಲ್ಲ, ಇನ್ನು ನನ್ನ ಕೈಲಾಗದು ಎಂಬುದರ ಗುರುತು. ಇದು ಗೊತ್ತಿದ್ದದ್ದು ಅವಳ ಮಗಳಿಗೆ ಮಾತ್ರ. ಚಿಕ್ಕವಳಿದ್ದಾಗಲೇ ಆ ನಗು ಕೇಳಿದೊಡನೆ ಅಮ್ಮನ ಕೈಯಿಂದ ಪಾತ್ರೆ ಕಿತ್ತುಕೊಂಡು, ಹೋಗಿ ಬಿದ್ದುಕೋ ಎಂದು ಗದರಿಸುತ್ತಿದ್ದಳು. ಒಡಹುಟ್ಟಿದ ನನಗೇ ಅದು ಹೊಳೆದಿರಲಿಲ್ಲ ನೋಡಿ.

ಮಗಳು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಳು. ಡಿಗ್ರಿ ಮುಗಿಯುವ ಮೊದಲೇ ಕಾಲೇಜಿಗೆ ಒಂದು ಕಂಪನಿ ಬಂತು. ಕಾಲ್ ಸೆಂಟರುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಹೊಸ ಲ್ಯಾಬು, ಹೊಸ ಕುರ್ಚಿಗಳು, ಗಾಜಿನ ಬಾಗಿಲು, ಎಲ್ಲ ಅವರ ಖರ್ಚು. ಚುರುಕಾದ ಹುಡುಗರನ್ನು ಆರಿಸಿ ಸಂಶೋಧನೆಗೆ ಕೂರಿಸಿದರು. ಮಾತನಾಡುವವರ ದನಿ ಕೇಳಿ, ಅವರು ದಣಿದಿದ್ದಾರೋ ಇಲ್ಲವೋ ಎಂದು ಕಂಪ್ಯೂಟರ್ ಹೇಳಬೇಕು, ಅದೇ ವಿಷಯ. ಯಾಕಂತೆ? ದಣಿದವರು ಕಾಯಿಲೆ ಬೀಳುವ ಮೊದಲೇ ವಿಶ್ರಾಂತಿ ಕೊಡುವುದಕ್ಕಂತೆ. ಹುಡುಗಿ ಕುಣಿದಾಡಿಬಿಟ್ಟಳು. ಅಮ್ಮನಂಥವರಿಗಾಗಿ ಚಿಕ್ಕಮ್ಮ, ಅಮ್ಮನಂಥವರಿಗಾಗಿ ಎಂದು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ತಲೆ ತಿಂದಳು. ನನಗೂ ಹೆಮ್ಮೆಯೇ. ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ.

ಲ್ಯಾಬಿನಲ್ಲಿ ಅವರ ಕೆಲಸ ಇಷ್ಟೇ. ಯಾವ್ಯಾವುದೋ ಆಫೀಸಿನ ಫೋನ್ ಮಾತಿನ ತುಣುಕುಗಳನ್ನು ಕೇಳುವುದು, ಪ್ರತಿಯೊಂದಕ್ಕೂ ‘ದಣಿದ ದನಿ’ ಅಥವಾ ‘ದಣಿಯದ ದನಿ’ ಎಂದು ಗುರುತು ಹಾಕುವುದು. ಆ ಗುರುತುಗಳನ್ನು ನೋಡಿಯೇ ಕಂಪ್ಯೂಟರ್ ಕಲಿಯುತ್ತದೆ. ಜೊತೆಯವರು ಆಕಳಿಕೆ, ತೊದಲು, ಸಿಡುಕು ಕೇಳಿದಲ್ಲಿ ಮಾತ್ರ ದಣಿವು ಎಂದರು. ನಮ್ಮ ಹುಡುಗಿ ಆ ಸಣ್ಣ ನಗು ಕೇಳಿದಲ್ಲೆಲ್ಲ ಗುರುತು ಹಾಕಿದಳು. ಇದು ಸಂತೋಷ ಅಲ್ಲವೇ ಎಂದು ಅವರು ವಾದ ಮಾಡಿದರೂ ಇವಳು ಜಗ್ಗಲಿಲ್ಲ. ಕೊನೆಗೆ ಎಲ್ಲರೂ ಇವಳ ದಾರಿ ಹಿಡಿದರು. ಅಲ್ಲಿಯವರೆಗೆ ತಡವರಿಸುತ್ತಿದ್ದ ಕಂಪ್ಯೂಟರ್ ಆಮೇಲೆ ತಪ್ಪುವುದನ್ನೇ ಬಿಟ್ಟಿತು. ಕಂಪನಿಯವರು ಬಂದು ಇವಳ ಬೆನ್ನು ತಟ್ಟಿ, ಇದನ್ನು ಹೇಗೆ ಕಂಡುಹಿಡಿದೆ ಎಂದು ಕೇಳಿದರಂತೆ. ಮನೆಯಲ್ಲಿ ಕೇಳಿ ಗೊತ್ತು ಎಂದಳಂತೆ ಪೆದ್ದಿ.

ಕೆಲವು ತಿಂಗಳಲ್ಲೇ ಅಕ್ಕನ ಆಫೀಸಿನ ಪ್ರತಿ ಮೇಜಿನ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಬಣ್ಣದ ಚುಕ್ಕೆ ಬಂದು ಕೂತಿತು. ಹಸಿರು, ಹಳದಿ, ಕೆಂಪು. ಯಾಕೆಂದು ಯಾರೂ ಹೇಳಲಿಲ್ಲ. ಕೆಂಪು ಮತ್ತೆ ಮತ್ತೆ ಬಂದವರನ್ನು ಸೂಪರ್‌ವೈಸರ್ ಕರೆದು, ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ, ನಾವೇ ಫೋನ್ ಮಾಡ್ತೀವಿ ಎಂದು ನಯವಾಗಿ ಹೇಳಿ ಕಳಿಸುತ್ತಿದ್ದ. ಅಕ್ಕನ ಪಕ್ಕದ ಸೀಟಿನವಳು ಹೀಗೇ ಹೋದಳು. ಅವಳ ನೀರಿನ ಬಾಟಲಿ ಅರ್ಧ ತುಂಬಿ ಮೇಜಿನ ಮೇಲೇ ಉಳಿಯಿತು. ಒಂದು ದಿನ ಬಾಟಲಿಯೂ ಇರಲಿಲ್ಲ. ಅವಳಿಗೆ ಫೋನ್ ಹೋಗಲೇ ಇಲ್ಲ.

ಅಕ್ಕ ಇದನ್ನೆಲ್ಲ ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದಾಗ ಮಗಳು ಅಂಗಿಯ ಗುಂಡಿಗಳನ್ನು ವಿಂಗಡಿಸುತ್ತಿದ್ದಳು. ತನ್ನ ಚುಕ್ಕೆಯೂ ಮಧ್ಯಾಹ್ನದ ಮೇಲೆ ಕೆಂಪಾಗುತ್ತಿದೆ ಎಂದಳು ಅಕ್ಕ. ಸಿಡುಕಿದರೆ ಆಗಲಿ, ನಗುನಗುತ್ತಾ ಮಾತಾಡಿದಾಗಲೇ ಆಗುತ್ತದಲ್ಲ, ಅದೇ ವಿಚಿತ್ರ ಎಂದಳು. ಹುಡುಗಿಯ ಕೈಯಿಂದ ಗುಂಡಿಗಳೆಲ್ಲ ಚೆಲ್ಲಿಹೋದವು. ಅಕ್ಕ ಹೋದ ಮೇಲೆ ನನಗೆ ಎಲ್ಲ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ಆ ವಿಶ್ರಾಂತಿ ಎಂಬ ಮಾತಿನ ಮೇಲೆ. ಈಗಲೇ ಹೋಗಿ ನಿಮ್ಮ ಲ್ಯಾಬಿನ ಪ್ರೊಫೆಸರನ್ನು ಹಿಡಿ ಎಂದು ಅಟ್ಟಿದೆ.

ಹೋಗಿ ಕೇಳಿದಳು. ಮಾಡಿದ್ದೆಲ್ಲ ಕಂಪನಿಯ ಸ್ವತ್ತು, ಅವರು ಅದನ್ನು ಎಲ್ಲಿ ಬಳಸುತ್ತಾರೋ ನಮಗೆ ಸಂಬಂಧವಿಲ್ಲ ಎಂದು ಆತ ಕೈ ತೊಳೆದುಕೊಂಡ. ನನ್ನ ಗುರುತುಗಳನ್ನಾದರೂ ತೆಗೆಯಿರಿ ಎಂದು ಬೇಡಿಕೊಂಡಳು.

“ನೀನು ಹಾಕಿದ ಗುರುತು ತಪ್ಪಾ?” ಎಂದ.

“ಇಲ್ಲ ಸರ್. ಸರಿಯಾಗೇ ಇದೆ.”

“ಮತ್ತೆ?”

ಇವಳು ಸೀದಾ ನನ್ನ ಅಂಗಡಿಗೆ ಬಂದಳು. ತಪ್ಪು ಅಂತ ಒಂದು ಸುಳ್ಳು ಹೇಳಬಾರದಿತ್ತೇನೇ ಎಂದು ನಾನು ಬೈದೆ. ಹೇಳಿದ್ದರೂ ಆತ ತೆಗೆಯುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು.

ಕೊನೆಗೆ ಅಮ್ಮನ ಮುಂದೆ ಕೂತು ಬಾಯಿಬಿಟ್ಟಳು. ಅಕ್ಕ ಕೂಗಾಡಲಿಲ್ಲ, ಅಳಲೂ ಇಲ್ಲ. “ನಂಗೆ ಆಗಲೇ ಅನುಮಾನ ಬಂದಿತ್ತು ಕಣೇ,” ಎಂದಳು. “ನಿನ್ನ ಬಿಟ್ಟು ನನ್ನ ಆ ನಗುನ ಹಿಡಿಯೋರು ಯಾರಿದ್ರು?” ಆಮೇಲೆ, “ಆ ಕಂಪ್ಯೂಟರಿಗೆ ಕಲಿಸಿದ್ಯಲ್ಲ, ಈಗ ನಂಗೂ ಕಲಿಸು. ಯಾವಾಗ ನಗ್ತೀನೋ ನಂಗೇ ಗೊತ್ತಾಗಲ್ಲ,” ಎಂದಳು.

ಹಾಗೆ ಶುರುವಾಯಿತು ಆ ಪಾಠ, ನನ್ನ ಅಂಗಡಿಯಲ್ಲೇ. ಅಕ್ಕ ಕೆಲಸ ಮುಗಿಸಿ ಮೈ ಸೋತು ಬರಬೇಕು, ಬಂದವಳೇ ಸ್ಟೂಲಿನ ಮೇಲೆ ಕೂರಬೇಕು. ಮಗಳು ಎದುರು ಕೂತು ಗಿರಾಕಿಯ ಹಾಗೆ ಬೈಯಬೇಕು. ಅಕ್ಕ ಉತ್ತರ ಕೊಡುವಾಗ ಆ ನಗು ಬಂದರೆ ಮಗಳು ನನ್ನ ಮರದ ಸ್ಕೇಲಿನಿಂದ ಮೇಜಿಗೆ ಟಕ್ ಎಂದು ಬಡಿಯಬೇಕು. ಮೊದಮೊದಲು ಒಂದೇ ಸಮನೆ ಟಕ್ ಟಕ್. ನಾನು ಬಟ್ಟೆ ಹೊಲಿಯುತ್ತ ತಲೆ ತಗ್ಗಿಸಿಕೊಂಡಿದ್ದೆ. ಬೈಯುವವಳು ಕಣ್ಣೀರು ಸುರಿಸುತ್ತಿದ್ದಳು, ಬೈಸಿಕೊಳ್ಳುವವಳು ‘ಹೇಳಿ ಸರ್, ಕ್ಷಮಿಸಿ ಸರ್’ ಎನ್ನುತ್ತಿದ್ದಳು. ದಿನ ಕಳೆದಂತೆ ಸದ್ದು ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು.

ಅಕ್ಕನ ಚುಕ್ಕೆ ಹಸಿರಾಯಿತು. ಬೆಳಗಿನಿಂದ ಸಂಜೆಯವರೆಗೂ ಹಸಿರೇ. ಸೂಪರ್‌ವೈಸರ್ ಉಳಿದವರಿಗೆ ಅವಳನ್ನು ತೋರಿಸಿ ಹೊಗಳಿದನಂತೆ. ವಿಶ್ರಾಂತಿಗೆ ಹೋದವರ ಫೋನುಗಳೂ ಅವಳ ಮೇಜಿಗೇ ಬರತೊಡಗಿದವು. ಕುರ್ಚಿ ಉಳಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಮೊನ್ನೆ ರಜೆಯ ದಿನ ಇಬ್ಬರೂ ಅಂಗಡಿಗೆ ಬಂದಿದ್ದರು. ಸೂಜಿಗೆ ದಾರ ಪೋಣಿಸಿಕೊಡು ಎಂದು ಅಕ್ಕನಿಗೆ ಕೊಟ್ಟೆ. ಎಷ್ಟು ಸಲ ನೋಡಿದರೂ ದಾರ ಸೂಜಿಯ ಕಣ್ಣಿಗೆ ಸೇರಲೇ ಇಲ್ಲ. ಸುಸ್ತಾಗಿದೆಯೇನೇ ಎಂದು ಕೇಳಿದೆ. ಇಲ್ಲ, ಚೆನ್ನಾಗಿದ್ದೀನಿ ಎಂದಳು. ದನಿ ಇಸ್ತ್ರಿ ಹಾಕಿದ ಹಾಗೆ ನುಣುಪು. ಮಗಳು ಎದ್ದು ಹತ್ತಿರ ಬಂದಳು. ನಿಜ ಹೇಳಮ್ಮ ಎಂದಳು. ಚೆನ್ನಾಗಿದ್ದೀನಿ ಎಂದು ಅಕ್ಕ ಮತ್ತೆ ಅಷ್ಟೇ ನುಣುಪಾಗಿ ಹೇಳಿದಳು. ಹುಡುಗಿ ಕಿವಿಯನ್ನು ಅಮ್ಮನ ಬಾಯಿಯ ಹತ್ತಿರ ತಂದು ಮತ್ತೊಮ್ಮೆ ಕೇಳಿದಳು. ಅದೇ ಉತ್ತರ. ಆಗ ನನ್ನ ಕಡೆ ತಿರುಗಿದಳು.

“ಚಿಕ್ಕಮ್ಮ, ನಂಗೆ ಗೊತ್ತಾಗ್ತಿಲ್ಲ,” ಎಂದಳು.

ನನಗಂತೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅವಳು ಅಮ್ಮನ ಎರಡೂ ಕೈ ಹಿಡಿದುಕೊಂಡು, “ಅಮ್ಮ, ಒಂದ್ಸಲ ಮೊದಲಿನ ಹಾಗೆ ನಗು,” ಎಂದು ಬೇಡಿಕೊಂಡಳು.

ಅಕ್ಕ ಅವಳನ್ನೇ ನೋಡುತ್ತ, “ಹೇಗೆ?” ಎಂದು ಕೇಳಿದಳು.