ಕಾಲಿಂಚು ಕಮ್ಮಿ ಚೌಕಟ್ಟು

ಗೆಳೆಯರೆ, ಇವತ್ತು ಮುಂಜಾನೆ ಸಿಂದಗಿಯೊಳಗ ಒಬ್ಬ ಹಿರ್ಯಾ ಮನುಷ್ಯಾಗ ನಾ ಕಳ್ಳ ಅಂದುಬಿಟ್ಟೆ.

ನಮ್ಮ ಹೊಸ ಮನಿಯ ತಲಬಾಗಿಲ ಚೌಕಟ್ಟು ತಯಾರಾಗಿತ್ತು. ನಾ ಹೇಳಿದ್ದು ನಾಲ್ಕು ಇಂಚು ಅಗಲ, ಮೂರು ಇಂಚು ದಪ್ಪದ ಸಾಗವಾನಿ. ಟೇಪ್ ಹಿಡಿದು ನೋಡಿದರ ಅಗಲ, ದಪ್ಪ ಎರಡರಾಗೂ ಕಾಲಿಂಚು ಕಮ್ಮಿ. "ಕಟಗಿ ಕದ್ದೀರಿ" ಅಂದೆ. ಗ್ವಾಡಿ ಕಟ್ಟೂ ಗೌಂಡಿಗಳೆಲ್ಲ ಕೆಲಸ ನಿಲ್ಲಿಸಿ ನೋಡಿದ್ರು.

ಚೌಕಟ್ಟು ಮಾಡಿದ ಬಡಿಗ್ಯಾರ ಮೌನಪ್ಪ ಅರವತ್ತು ದಾಟಿದವರು. ಕಿಟಕಿಗೆ ತಂದಿದ್ದ ಒರಟು ತುಂಡೊಂದನ್ನ ಮುಂದಿಟ್ಟು, "ನೀವ ಅಳೀರಿ, ಮಾಸ್ತರ" ಅಂದ್ರು. ಬರೋಬ್ಬರಿ ನಾಲ್ಕು, ಮೂರು. ಆಮೇಲೆ ಕಟಗಿ ಹೆರಿಯೂ ರಂಧಾ ಮಷೀನ್ ಹಚ್ಚಿ ನಾಲ್ಕೂ ಮಗ್ಗಲ ನುಣ್ಣಗ ಮಾಡಿ, "ಈಗ ಅಳೀರಿ" ಅಂದ್ರು. ಕಾಲಿಂಚು ಕಮ್ಮಿ.

"ಕಟಗಿ ಕೊಯ್ಯೂ ಮಿಲ್ಲಿನವರು ಹೇಳೂದು ಒರಟು ಕಟಗಿ ಅಳತಿರಿ. ನುಣ್ಣಗ ಮಾಡಿದ್ರ ಇಷ್ಟು ಸವೀತೈತಿ."

"ತಪ್ಪಾತ್ರಿ" ಅಂದೆ, ಸಣ್ಣ ದನಿಯಾಗ.

"ಕದ್ದೀರಿ ಅಂದಾಗ ಜೋರಾಗಿ ಅಂದಿದ್ರಿ" ಅಂದ್ರು ಮೌನಪ್ಪ.

ಗೌಂಡಿಗಳನ್ನ ಹತ್ರ ಕರೆದೆ. ಎಲ್ಲರಿಗೂ ಕೇಳೂ ಹಂಗ ಮತ್ತೊಮ್ಮೆ ತಪ್ಪೊಪ್ಪಿಕೊಂಡೆ. ಆಗ ಮೌನಪ್ಪ ಚೌಕಟ್ಟು ನಿಲ್ಲಿಸಾಕ ಎದ್ದರು.

ಸಾಲ್ಯಾಗ ನಾ ಕಲಿಸೂದು ಗಣಿತ ಅನ್ನೂದನ್ನ ಮಾತ್ರ ಅಲ್ಲಿ ಯಾರಿಗೂ ಹೇಳಲಿಲ್ಲ.