ನಾಲ್ಕು ತಾಲ್ಲೂಕಿನ ನಗು

ಮೊದಲೇ ಹೇಳಿಬಿಡುತ್ತೇನೆ. ಪುಟ್ಟಯ್ಯ ಮೇಷ್ಟರ ಕೆಲಸ ಹೋದದ್ದು ನನ್ನಿಂದ. ಬೇರೆಯವರು ಹೇಳಿ ನಿಮಗೆ ಗೊತ್ತಾಗುವ ಮೊದಲು ನಾನೇ ಬರೆದುಬಿಟ್ಟರೆ ಸ್ವಲ್ಪ ಮರ್ಯಾದೆ ಉಳಿಯಬಹುದು ಎಂಬ ಆಸೆ. (ಉಳಿಯುವಷ್ಟು ಇತ್ತೇ ಎಂದು ಕೇಳಬೇಡಿ.)

ನಾನು ಅಣಕಿಸುವವನು. ಈ ಅಂಕಣ ಓದುವವರಿಗೆ ಇದು ಹೊಸದಲ್ಲ. ಅಮಲ್ದಾರರು ಕೆಮ್ಮುವುದು, ಕಂಡಕ್ಟರ್ ‘ರೈಟ್’ ಅನ್ನುವುದು, ಪಟೇಲರು ನಮ್ಮ ಕೇರಿಯೊಳಕ್ಕೆ ಕಾಲಿಡದೆ ಆಚೆಯೇ ಕೊಡೆ ಊರಿ ನಿಂತು ಆಳು ಕರೆಯುವುದು, ಎಲ್ಲ ಮಾಡುತ್ತೇನೆ. ನನ್ನನ್ನೂ ಮಾಡಿ ತೋರಿಸುತ್ತೇನೆ. ಅದು ಸುಲಭ. ಕುತ್ತಿಗೆ ಮುಂದೆ ಚಾಚಿ, ಲೋಕವೆಲ್ಲ ತಿಳಿದವನ ಹಾಗೆ ತಲೆಯಾಡಿಸಿದರೆ ಮುಗಿಯಿತು.

ಈ ಸಲದ ಚುನಾವಣೆಯಲ್ಲಿ ನಮ್ಮ ಜನಕ್ಕೆಂದು ಒಂದು ರಿಸರ್ವ್ ಸೀಟು. ಪಾರ್ಟಿ ಟಿಕೆಟ್ ಕೇಳಿದವರು ಇಬ್ಬರು. ಒಬ್ಬರು ಹಾಸನದ ನಮ್ಮ ಕೇರಿಯ ಪುಟ್ಟಯ್ಯ ಮೇಷ್ಟ್ರು. ಕೇರಿಗೆ ಮೊದಲ ಸರ್ಕಾರಿ ನೌಕರರು. ನನಗೆ ಅಕ್ಷರ ಕಲಿಸಿದವರು. (ಅದಕ್ಕೆ ಈಗ ಅವರನ್ನು ಬೈದು ಪ್ರಯೋಜನವಿಲ್ಲ.) ಅವರದು ಒಂದೇ ಮಾತು: ತಾಲ್ಲೂಕಿಗೊಂದು ಹಾಸ್ಟೆಲು. ಇನ್ನೊಬ್ಬರು ಲಿಂಗಯ್ಯ ಮೇಸ್ತ್ರಿ. ಬಾವಿ ತೋಡಿಸುವುದು, ಕಲ್ಲು ಕಟ್ಟಿಸುವುದು ಕಸುಬು. ಓದು ಕಡಿಮೆ, ಮಾತು ಇನ್ನೂ ಕಡಿಮೆ.

ಪಾರ್ಟಿಯವರು ಜಾಣರು. “ನಾವ್ಯಾಕೆ ಒಬ್ಬರ ಮನಸ್ಸು ನೋಯಿಸೋಣ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯಿಂದ ನಿಮ್ಮ ಕೇರಿ ಯಜಮಾನರೇ ಬಂದು ಕೈ ಎತ್ತಲಿ. ಹೆಚ್ಚು ಕೈ ಯಾರಿಗೋ ಟಿಕೆಟ್ ಅವರಿಗೆ” ಎಂದರು. ಜೊತೆಗೆ ಒಂದು ಷರತ್ತು. ಮೇಷ್ಟ್ರು ಸರ್ಕಾರಿ ನೌಕರರಾದ್ದರಿಂದ ಕೈ ಎತ್ತುವ ದಿನಕ್ಕೆ ಮೊದಲೇ ರಾಜೀನಾಮೆ ಕೊಟ್ಟಿರಬೇಕು.

ಮೇಷ್ಟರಿಗೆ ಹೆಂಡತಿ ಇದ್ದಾರೆ, ಮೂರು ಮಕ್ಕಳಿವೆ. ಕಾಗದ ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಸುಮ್ಮನೆ ಓಡಾಡಿದರು.

“ಕೊಟ್ಟುಬಿಟ್ಟು ಆಮೇಲೆ ಟಿಕೆಟ್ ಸಿಗದಿದ್ರೆ ಏನಯ್ಯಾ ಗತಿ?”

“ನಮ್ಮ ಜನ ಅಲ್ವಾ ಸಾ?” ಎಂದೆ. “ಹಾಸನದೋರು ಒಂದು, ಅರಕಲಗೂಡಿನೋರು ಇನ್ನೊಂದಾ? ಒಂದ್ಸಲ ಸುತ್ತಿ ಬರಾಣ. ಜನ ಏನಂತಾರೆ ಅಂತ ನಾನು ನೋಡಿ ಹೇಳ್ತೀನಿ. ಆಮೇಲೆ ಕೊಡೀರಂತೆ.”

ಕುತ್ತಿಗೆ ಮುಂದೆ ಚಾಚಿಯೇ ಹೇಳಿದ್ದೆ.

ಜನ ಏನನ್ನುತ್ತಾರೆಂದು ನೋಡುವುದು ಹೇಗೆ? ದೊಡ್ಡವರಿಗೆ ಅದಕ್ಕೆ ಬೇರೆ ದಾರಿಗಳಿರಬಹುದು. ನನಗೆ ಗೊತ್ತಿರುವುದು ಒಂದೇ. ನಾನು ಅಣಕಿಸುತ್ತೇನೆ. ನಕ್ಕರೆ ನಮ್ಮವರು. ನಗದಿದ್ದರೆ ಅಲ್ಲ. ಕೈಯಲ್ಲಿ ನೋಟ್ ಬುಕ್ಕು. ಹೊಟ್ಟೆ ಹಿಡಿದುಕೊಂಡು ನಕ್ಕರೆ ಫಸ್ಟ್ ಕ್ಲಾಸು, ಬರೀ ಹಲ್ಲು ಬಿಟ್ಟರೆ ಜಸ್ಟ್ ಪಾಸು, ಬಾಯಿ ಮುಚ್ಚಿಕೊಂಡಿದ್ದರೆ ಫೇಲು.

ಹಾಸನದಲ್ಲಿ ಪರೀಕ್ಷೆಯೇ ಬೇಕಿರಲಿಲ್ಲ. ಮುನಿಸಿಪಾಲಿಟಿ ಕೆಲಸದ ನಮ್ಮವರಿಗೆ ಮಕ್ಕಳು ಪೊರಕೆ ಬಿಟ್ಟು ಪೆನ್ನು ಹಿಡಿಯಬೇಕು. ಹಾಸ್ಟೆಲು ಅಂದದ್ದೇ ಸಾಕು, ಮೇಷ್ಟ್ರಿಗೇ ಜೈ. ಪರೀಕ್ಷೆ ಇಲ್ಲದೆಯೇ ಫಸ್ಟ್ ಕ್ಲಾಸು.

ಮುಂದೆ ಹೊಳೆನರಸೀಪುರದ ಕಡೆ ಹೋದೆವು. ಹೇಮಾವತಿ ದಂಡೆಯ ಒಂದು ಕೇರಿ. ಗದ್ದೆಯೆಲ್ಲ ಪಟೇಲರದು, ಗೇಯುವವರೆಲ್ಲ ನಮ್ಮವರು. ನಾನು ಯಾರದೋ ಕೊಡೆ ಇಸಿದುಕೊಂಡು ಪಟೇಲರಾದೆ. ಯಜಮಾನರ ಹೆಂಡತಿ ಕೆಂಪವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಅಯ್ಯೋ ನಿನ್ ಬಾಯಿಗೆ ಮಣ್ಣಾಕ, ಅವರೇ ಎದ್ದು ಬಂದಂಗೈತಲ್ಲೋ! ಇನ್ನೊಂದ್ ಕಿತ ಮಾಡ್ಲಾ!” ಎಂದರು. ಇನ್ನೊಂದು ಸಲ ಮಾಡಿದೆ. ಮತ್ತೊಂದು ಸಲವೂ ಮಾಡಿದೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದು ನಿಲ್ಲುವುದಕ್ಕೂ ವಾಪಸ್ ಬಸ್ಸು ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ಫಸ್ಟ್ ಕ್ಲಾಸ್ ಎಂದು ಬರೆದುಕೊಂಡೆ.

ಮಾರನೆಯ ದಿನ ಚನ್ನರಾಯಪಟ್ಟಣದ ಕಡೆ. ನೆಲವೆಲ್ಲ ಬೆಣಚುಕಲ್ಲು. ಕೇರಿಯ ಹೆಂಗಸರು ನೀರಿಗೆ ಎರಡು ಮೈಲಿ ನಡೆಯುತ್ತಾರೆ. ಊರ ಬಾವಿ ಹತ್ತಿರದಲ್ಲೇ ಇದೆ, ಆದರೆ ಅದು ಊರವರದು. ಒಬ್ಬ ಮುದುಕರು ಎದ್ದು ಕೇಳಿದರು: “ನಮ್ ಕೇರಿಗೆ ಬಾವಿ ಯಾವಾಗ ಸಾ?”

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ನಾನು ಇಲ್ಲದ ಕನ್ನಡಕ ಮೂಗಿಗೆ ಏರಿಸಿ, ಅಮಲ್ದಾರರ ಹಾಗೆ ಮೂರು ಸಲ ಕೆಮ್ಮಿ, “ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ” ಅಂದುಬಿಟ್ಟೆ. ಏನು ನಗು ಅಂತೀರಿ! ಆ ಮುದುಕರೂ ನಕ್ಕರು. ನಕ್ಕು ಕೂತುಬಿಟ್ಟರು, ಮತ್ತೆ ಕೇಳಲಿಲ್ಲ. ಇದೂ ಫಸ್ಟ್ ಕ್ಲಾಸು.

ಕೊನೆಗೆ ಅರಕಲಗೂಡು ತಾಲ್ಲೂಕು, ರಾಮನಾಥಪುರದ ಆಸುಪಾಸು. ಇಲ್ಲಿ ನಮ್ಮವರಿಗೆ ಹೊಗೆಸೊಪ್ಪಿನ ಕೆಲಸ. ಸೊಪ್ಪು ಬೇಯಿಸುವ ಬ್ಯಾರನ್ನಿನ ನೆರಳಿನಲ್ಲಿ ಮಕ್ಕಳೂ ಕೂತು ಎಲೆ ಪೋಣಿಸುತ್ತಿದ್ದವು. ನಾನು ಸೊಪ್ಪಿನ ವ್ಯಾಪಾರಿ ಮೂಸಿ ನೋಡಿ ಮುಖ ಸಿಂಡರಿಸುವುದನ್ನು ಮಾಡಿದೆ. ಯಾರೂ ನಗಲಿಲ್ಲ. ಪಟೇಲರನ್ನು ಮಾಡಿದೆ. ಒಬ್ಬರು ಆಕಳಿಸಿದರು. ನನ್ನನ್ನೇ ಮಾಡಿದೆ. ಮಗುವೊಂದು ಅಳತೊಡಗಿತು.

ನನ್ನ ಅಂಗಡಿ ಮುಚ್ಚಿತು. ಬಸ್ಸಿಗೆ ಇನ್ನೂ ಒಂದು ಗಂಟೆ ಹೊತ್ತಿತ್ತು. ಬೇರೆ ದಾರಿಯಿಲ್ಲದೆ ಮೇಷ್ಟ್ರು ಮಾತಾಡಿದರು. ಜನ ಸುತ್ತ ಕೂತು ಒಂದೊಂದೇ ಕೇಳಿದರು. ಹಾಸ್ಟೆಲಿನಲ್ಲಿ ಎರಡು ಹೊತ್ತು ಊಟ ಕೊಡ್ತಾರಾ? ಹೆಣ್ಣುಮಕ್ಕಳನ್ನೂ ಸೇರಿಸ್ಕೋತಾರಾ? ಸೊಪ್ಪಿನ ಕಾಲದಲ್ಲಿ ಮನೆಗೆ ಎಳಕೊಂಡು ಬಂದ್ರೆ ಹೆಸರು ಹೊಡೆದುಹಾಕ್ತಾರಾ? ಹಲ್ಲು ಬಿಟ್ಟವರು ಒಬ್ಬರೂ ಇಲ್ಲ. ದಪ್ಪ ಅಕ್ಷರದಲ್ಲಿ ಬರೆದೆ: ಫೇಲು.

“ಮೂರು ಫಸ್ಟ್ ಕ್ಲಾಸು, ಒಂದೇ ಫೇಲು. ರಾಜೀನಾಮೆ ಕಾಗದ ಕೊಟ್ಟುಬಿಡಿ ಸಾ” ಎಂದೆ. ಮೇಷ್ಟ್ರು ಕೊಟ್ಟರು.

ಕೈ ಎತ್ತುವ ದಿನ ಬಂತು. ಹಾಸನದ ಕೈಗಳೆಲ್ಲ ಮೇಷ್ಟರಿಗೆ. ನಾನು ಅವರ ಕಡೆ ತಿರುಗಿ ತಲೆಯಾಡಿಸಿದೆ. ಹೊಳೆನರಸೀಪುರದವರು ಎತ್ತಿದ್ದು ಲಿಂಗಯ್ಯ ಮೇಸ್ತ್ರಿಗೆ. ಆಡುತ್ತಿದ್ದ ತಲೆ ನಿಂತಿತು. ಚನ್ನರಾಯಪಟ್ಟಣದವರು, ಬಂದಿದ್ದವರಲ್ಲಿ ಅವರೇ ಹೆಚ್ಚು, ಎಲ್ಲರೂ ಲಿಂಗಯ್ಯ ಮೇಸ್ತ್ರಿಗೆ. ಅರಕಲಗೂಡಿನವರು? ಒಬ್ಬರೂ ಬಿಡದೆ ಮೇಷ್ಟರಿಗೆ. ನನ್ನ ಏಕೈಕ ಫೇಲು.

ಟಿಕೆಟ್ ಲಿಂಗಯ್ಯ ಮೇಸ್ತ್ರಿಗೆ ಹೋಯಿತು. ಶಾಲೆಗೆ ಹೊಸ ಮೇಷ್ಟ್ರು ಬಂದರು. ಪುಟ್ಟಯ್ಯ ಮೇಷ್ಟ್ರು ಈಗಲೂ ಹತ್ತು ಗಂಟೆಗೆ ಕೋಟು ತೊಟ್ಟು ಹೊರಡುತ್ತಾರೆ. ಶಾಲೆಯ ತಿರುವಿನವರೆಗೆ ಹೋಗಿ ವಾಪಸ್ ಬರುತ್ತಾರೆ. ನನ್ನನ್ನು ಒಂದು ಮಾತು ಬೈದಿಲ್ಲ. ಬೈದಿದ್ದರೆ ಅದನ್ನಾದರೂ ಅಣಕಿಸಬಹುದಿತ್ತು.

ಆ ವಾರವೇ ರೀಡಿಂಗ್ ರೂಮಿನಲ್ಲಿ ಪೇಪರ್ ತೆರೆದರೆ ಅಮೆರಿಕದ ಸುದ್ದಿ. ಪ್ರೆಸಿಡೆಂಟ್ ಪದವಿಗೆ ಪಾರ್ಟಿಯಿಂದ ಯಾರು ನಿಲ್ಲಬೇಕೆಂದು ಅಲ್ಲೂ ಮೊದಲೇ ಜನರನ್ನು ಕೇಳುತ್ತಾರಂತೆ. ಉತ್ತರದ ಪಟ್ಟಣಗಳ ಕರಿಯರಿಗೆ ಒಬ್ಬ ಬೇಕಂತೆ. ದಕ್ಷಿಣದ ಹತ್ತಿ ಸೀಮೆಯ ಕರಿಯರಿಗೆ (ಓಟು ಹಾಕಲು ಬಿಟ್ಟ ಕಡೆ) ಇನ್ನೊಬ್ಬ ಬೇಕಂತೆ. ಒಂದೇ ಜನ, ಮನಸ್ಸು ಮಾತ್ರ ಬೇರೆ, ಇದೇನು ಸೋಜಿಗ ಎಂದು ಬರೆದವರು ಬಾಯಿ ಬಿಟ್ಟಿದ್ದರು. ಅವರು ಪರ ಊರಿನವರು, ಬಿಡಲಿ. ಅದೇ ಕೇರಿಯಲ್ಲಿ ಹುಟ್ಟಿದ ನನಗೇನಾಗಿತ್ತು? ನಮ್ಮನ್ನು ಹೊರಗಿನವರು ಒಂದೇ ಮೂಟೆ ಎಂದು ನೋಡುತ್ತಾರೆಂದು ಬೈಯುವವನು ನಾನೇ. ಆ ಮೂಟೆಗೆ ದಬ್ಬಳ ಹಿಡಿದು ಬಾಯಿ ಹೊಲಿದವನೂ ನಾನೇ.

ಆದರೂ ಮನಸ್ಸು ಕೇಳಲಿಲ್ಲ. ನಕ್ಕಿದ್ದು ಸುಳ್ಳೇ? ಹೊಳೆನರಸೀಪುರದ ಬಸ್ಸು ಹತ್ತಿ ಕೆಂಪವ್ವನ ಮುಂದೆ ನಿಂತೆ. ಅವರು ಮೊರದಲ್ಲಿ ರಾಗಿ ಕೇರುತ್ತಿದ್ದರು.

“ಏನ್ ದೊಡ್ಡವ್ವ, ನಮ್ ಮೇಷ್ಟ್ರು ಏನ್ ತಪ್ಪು ಮಾಡಿದ್ರು?”

“ತಪ್ಪೇನಿಲ್ಲ ಕಣ ಮಗ. ಮೇಸ್ತ್ರಿ ಬಂದಾಗ ಪಟೇಲ್ರ ಜಗ್ಲಿ ಮುಂದೆ ಕಾಲಿನ್ ಕೆರ ಬುಡದಂಗೆ ನಿಂತ್ಕಂಡು ಮಾತಾಡ್ದ. ನಾವು ಕಣ್ಣಾರೆ ಕಂಡ್ವಿ. ನಿಮ್ ಮೇಷ್ಟ್ರುದು ಏನೂ ಕಾಣ್ನಿಲ್ಲ.”

“ಅವತ್ತು ಅಷ್ಟೊಂದು ನಕ್ರಲ್ಲ ಮತ್ತೆ?”

ಕೆಂಪವ್ವ ಮೊರ ಕೆಳಗಿಟ್ಟರು.

“ನಗ್ಸಿದ್ದು ನೀನು, ಟಿಕೀಟು ಕೇಳಿದ್ದು ಅವರು. ಆ ಮಾರಾಯ್ರು ಒಂದ್ ಮಾತಾಡಕ್ಕೆ ಬುಟ್ಟಿದ್ಯೇನ್ಲಾ ನೀನು?”