ಭಾನುವಾರದ ಎಳ್ಳಮಾವಾಸ್ಯೆ

ಡಾಕ್ಟರರ ಕಪ್ಪು ಕೋಟಿನ ಬೆನ್ನ ಮೇಲೆ ಸದಾ ಒಂದು ಬಿಳಿಯ ಗೆರೆ ಇರುತ್ತಿತ್ತು. ಮಂಗಳೂರಿನ ಬೆವರು ಒಣಗಿ ಉಳಿದ ಉಪ್ಪಿನ ಗೆರೆ. ಏಪ್ರಿಲ್ ತಿಂಗಳಲ್ಲಿ ನಮಗೆಲ್ಲ ಬನಿಯನ್ನೇ ಭಾರವಾಗುವಾಗ ಈ ಮಹಾಶಯರು ವಿಜಾಪುರದ ಚಳಿಗೆಂದು ಹೊಲಿಸಿದ ಕೋಟು ತೊಟ್ಟು ಕಾವೂರಿನ ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. "ಅದನ್ನೊಮ್ಮೆ ತೆಗೆಯಿರಿ ಡಾಕ್ಟ್ರೇ, ನೋಡುವ ನಮಗೇ ಸೆಕೆ ಆಗ್ತದೆ" ಎಂದರೆ, "ಕೋಟು ತಗದ್ರ ಕಿಸೆ ಎಲ್ಲಿಂದ ತರ್ಲಿ ತಮ್ಮಾ?" ಎನ್ನುತ್ತಿದ್ದರು. ಒಂದು ಕಿಸೆಯಲ್ಲಿ ಸ್ಟೆತಸ್ಕೋಪು, ಉಳಿದವುಗಳಲ್ಲಿ ಅರ್ಜಿಗಳು.

ಆ ಅರ್ಜಿಗಳೇ ನನ್ನ ಕರ್ಮ. ಎಪ್ಪತ್ತರ ದಶಕ. ಹೊಸ ಬಂದರಿನ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ಎಂದು ಬಯಲುಸೀಮೆಯಿಂದ ಜನ ಬಂದು ಕಾವೂರು ಕೆರೆಯ ಆಚೆ ಗುಡಿಸಲು ಹಾಕಿದ್ದರು. ನಾವು ಅವರನ್ನೆಲ್ಲ ಒಂದೇ ಮಾತಿನಲ್ಲಿ 'ಘಟ್ಟದವರು' ಎಂದು ಕರೆದು ಕೈ ತೊಳೆದುಕೊಂಡಿದ್ದೆವು. ಡಾಕ್ಟರು ಅದೇ ಸೀಮೆಯವರು. ಓದಲು ಬಂದವರು ಇಲ್ಲೇ ಉಳಿದು, ಹಂಪನಕಟ್ಟೆಯಲ್ಲಿ ಕ್ಲಿನಿಕ್ ಇಟ್ಟು, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗುಡಿಸಲಿನವರಿಗೆ ನೀವೇ ಮುಖಂಡರಾಗಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಇವರೂ ಯಾರನ್ನೂ ಕೇಳಲಿಲ್ಲ, ಆಗಿಯೇ ಬಿಟ್ಟರು.

ನಾನು ಹಂಪನಕಟ್ಟೆಯ ಬ್ಯಾಂಕೊಂದರಲ್ಲಿ ಗುಮಾಸ್ತ. ಇಬ್ಬರಿಗೂ ಒಂದೇ ಬಸ್ಸು. ಕೂತ ಕೂಡಲೇ ಕಿಸೆಯಿಂದ ಕಾಗದ ಹೊರಗೆ ಬರುತ್ತಿತ್ತು. "ನಿಮ್ಮ ಊರ ಕನ್ನಡ ಪುಸ್ತಕದ್ದು ನೋಡ್ರಿ. ಆಫೀಸಿನವ್ರಿಗೆ ಅದಽ ತಿಳೀತದ. ಒಂದೀಟು ತಿದ್ದಿಕೊಡ್ರಿ." ನಳ್ಳಿ ನೀರಿಗೆ ಅರ್ಜಿ, ರೇಶನ್ ಕಾರ್ಡಿಗೆ ಅರ್ಜಿ, ಮಕ್ಕಳನ್ನು ಶಾಲೆಗೆ ಸೇರಿಸಲು ಅರ್ಜಿ. ಎಲ್ಲಕ್ಕಿಂತ ಹಳೆಯ ಅರ್ಜಿ ಮಣ್ಣು ಮಾಡುವ ಜಾಗದ್ದು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಇಲ್ಲಿ ನಮ್ಮವರ ಸ್ಮಶಾನವೆಂದರೆ ಸುಡುವ ಜಾಗ. ಗುಡಿಸಲಿನಲ್ಲಿ ಒಂದು ಸಾವಾದರೆ ಡಾಕ್ಟರು ಊರಿಡೀ ಅಲೆದು, ಯಾರದ್ದೋ ಕೈಕಾಲು ಹಿಡಿದು, ಗುಡ್ಡದ ಬದಿಯಲ್ಲಿ ಒಂದಿಷ್ಟು ನೆಲ ಬೇಡಿ ತರುತ್ತಿದ್ದರು. ಮರುದಿನ ಬಸ್ಸಿನಲ್ಲಿ ಅದೇ ಅರ್ಜಿ, ಅದೇ "ಒಂದೀಟು ತಿದ್ದಿಕೊಡ್ರಿ".

ಇತ್ತ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುತ್ತಿದ್ದರು. ಒಮ್ಮೆ ಬಂದರಿನ ಮಂಡಿ ವ್ಯಾಪಾರಿಯೊಬ್ಬರ ಬಾಯಿಗೆ ಥರ್ಮಾಮೀಟರ್ ಇಟ್ಟು, "ಈಗ ಬಂದೆ" ಎಂದು ಯಾವುದೋ ಹುಡುಗಿಯನ್ನು ಶಾಲೆಗೆ ಸೇರಿಸಲು ಹೋದವರು ಮಧ್ಯಾಹ್ನಕ್ಕೆ ಬಂದರು. ವ್ಯಾಪಾರಿ ಅದನ್ನು ಬಾಯಲ್ಲಿಟ್ಟುಕೊಂಡೇ ಬ್ಯಾಂಕಿಗೆ ಬಂದು, ನನ್ನ ಕೌಂಟರಿನ ಮುಂದೆ ನಿಂತು ಕೈಸನ್ನೆಯಲ್ಲಿ ಡಾಕ್ಟರರನ್ನು ಕೇಳಿದ್ದರು. ಇವರ ಪಕ್ಕದ ಮನೆಯವನಾದ ತಪ್ಪಿಗೆ ನಾನು ಎಷ್ಟು ಜನರಲ್ಲಿ ಮಾಫಿ ಕೇಳಿದ್ದೇನೋ ಲೆಕ್ಕವಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಆದರೆ ಅವರು ಒಂದು ದಿನ ಅಮ್ಮನ ಗದ್ದೆಗೆ ಕೈ ಹಾಕಿದರು.

ನಮ್ಮಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಬರುತ್ತದೆ. ಅಮ್ಮನಿಗೂ ಬೇಕಾದಷ್ಟು ಬಂದಿತ್ತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಒಕ್ಕಲುಗಳು ಒಬ್ಬೊಬ್ಬರಾಗಿ ಉಳುವವರು ನಾವೇ ಎಂದು ಡಿಕ್ಲರೇಶನ್ ಕೊಟ್ಟು, ಎಲ್ಲವೂ ಹೋಯಿತು. ನ್ಯಾಯವೇ ಇರಬಹುದು. ಅಮ್ಮನಿಗೆ ಮಾತ್ರ ಮನೆಯ ಹಿಂದಿನ ಒಂದು ಗದ್ದೆ ಉಳಿಯಿತು, ಅದರ ಜೊತೆಗೆ ಒಂದು ಹೆದರಿಕೆಯೂ ಉಳಿಯಿತು. ಗದ್ದೆಯ ಪುಣಿಯಲ್ಲಿ, ಆ ಬದುವಿನ ಮೇಲೆ, ಯಾರಾದರೂ ಸ್ವಲ್ಪ ಹೊತ್ತು ಕೂತರೆ ಸಾಕು, "ಯಾರದು? ಎಂತಕ್ಕೆ ಕೂತದ್ದು?" ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

ಅಂಥ ಗದ್ದೆಯಲ್ಲಿ ಎಳ್ಳಮಾವಾಸ್ಯೆ ಮಾಡುತ್ತೇವೆ ಎಂದು ಡಾಕ್ಟರು ಗುಡಿಸಲಿನವರಿಗೆಲ್ಲ ಸಾರಿ, ಆಮೇಲೆ ಅಮ್ಮನಿಗೆ ಹೇಳಲು ಬಂದರು. ಅವರ ಸೀಮೆಯಲ್ಲಿ ಅಂದು ಹೊಲವೆಂದರೆ ಬಸುರಿ. ಬುತ್ತಿ ಕಟ್ಟಿಕೊಂಡು ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಬೆಳೆಯ ನಡುವೆ ಅನ್ನ ಚೆಲ್ಲುತ್ತಾರೆ. ಅದಕ್ಕೆ ಚರಗ ಎಂದು ಹೆಸರು.

"ಹೊಲ ಇಲ್ದ ಹಬ್ಬ ಹೆಂಗ್ ಮಾಡ್ಬೇಕ್ರಿ ಅವ್ವಾರ? ಒಂದಽ ದಿವಸದ ಮಾತು."

"ಇವತ್ತು ಚರಗ, ನಾಳೆ ಡಿಕ್ಲರೇಶನ್. ನನಗೆ ಗೊತ್ತುಂಟು ಡಾಕ್ಟ್ರೇ."

ಆದರೂ ಅಮ್ಮ ಒಪ್ಪಿದಳು. ಅವಳ ಟೈಫಾಯ್ಡಿನಲ್ಲಿ ಈ ಮನುಷ್ಯ ಕ್ಲಿನಿಕ್ಕಿಗೆ ಬೀಗ ಹಾಕಿ ಅವಳ ಮಂಚದ ಬಳಿ ಕೂತಿದ್ದರು, ಅದಕ್ಕೆ. ಒಪ್ಪಿಗೆ ಸಿಕ್ಕರೂ ಕಂಟ್ರಾಕ್ಟರ್ ರಜೆ ಕೊಡಲಿಲ್ಲ. ಡಾಂಬರು ಹಾಕುವ ಸಮಯ. ಡಾಕ್ಟರು ಅಮಾವಾಸ್ಯೆಯನ್ನೇ ಭಾನುವಾರಕ್ಕೆ ಹಾಕಿದರು. ಆ ಭಾನುವಾರವೂ ಆಗಲಿಲ್ಲ. ಮುಂದೆ ಮುಂದೆ ಹೋಗಿ ಫೆಬ್ರವರಿಯ ಒಂದು ಭಾನುವಾರ ಗೊತ್ತಾಯಿತು. "ಹಬ್ಬ ಅಂದ್ರೆ ನಿಮ್ಮ ರೋಗಿಗಳಾ ಡಾಕ್ಟ್ರೇ, ಇವತ್ತಲ್ಲ ನಾಳೆ ಬಾ ಅನ್ನಲಿಕ್ಕೆ?" ಎಂದು ರೇಗಿದೆ. "ದೇವ್ರಿಗೆ ಕಂಟ್ರಾಕ್ಟರ್ ಇಲ್ಲ ತಮ್ಮಾ, ಆತ ಕಾಯ್ತಾನ" ಎಂದರು.

ದೇವರು ಕಾದ. ಆದರೆ ಡಾಕ್ಟರು ಆರಿಸಿದ್ದು ಕೆಡ್ಡಸದ ದಿನ. ತುಳುನಾಡಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಯಾರೂ ಮಣ್ಣು ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ, ಕೊನೆಯ ದಿನ ಭೂಮಿಗೆ ಎಣ್ಣೆ ಎರೆಯುತ್ತಾರೆ. ಇಷ್ಟು ವರ್ಷ ಇಲ್ಲಿ ಅನ್ನ ತಿಂದ ಡಾಕ್ಟರರಿಗೆ ಮಾತ್ರ ಗೊತ್ತಿರಲಿಲ್ಲ. ಪೂಜೆ, ಊಟ ಮಾತ್ರ ತಾನೇ, ಅಗೆಯುವುದೇನಿಲ್ಲ ಎಂದು ನಾವೂ ಅಡ್ಡಿ ಹೇಳಿರಲಿಲ್ಲ.

ಬೆಳಿಗ್ಗೆ ಹೆಂಗಸರು ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿಗಳನ್ನು ಹೊತ್ತು ಸಾಲಾಗಿ ಬಂದರು. ಒಬ್ಬ ಒಲೆ ತೋಡಲೆಂದು ಹಾರೆ ಎತ್ತಿದ. ಭೂಮಿಗೆ ಎರೆಯಲು ಎಣ್ಣೆಯ ಗಿಂಡಿ ತೆಗೆದಿದ್ದ ಅಮ್ಮ ಅದನ್ನು ಹಿಡಿದೇ ಓಡಿದಳು.

"ನಿಲ್ಲಿಸಿ! ಮುಟ್ಟಾದ ಹೆಂಗಸಿನ ಮೈಗೆ ಹಾರೆ ಹಾಕ್ತೀರಾ?"

ಗುಡಿಸಲಿನ ಒಬ್ಬ ಮುದುಕಿ ಎದ್ದು ನಿಂತಳು. "ಮುಟ್ಟು ಹೆಂಗಾಗ್ತದ ಯವ್ವಾ? ಆಕಿ ಬಸುರಿ. ಬಯಕಿ ಊಟ ತಂದೀವಿ."

"ಬಸುರಿಯಾ? ಯಾರು ಹೇಳಿದ್ದು ನಿಮಗೆ?"

ಇಬ್ಬರೂ ಒಟ್ಟಿಗೆ ಡಾಕ್ಟರರ ಕಡೆ ತಿರುಗಿದರು. ಡಾಕ್ಟರು ಕ್ಲಿನಿಕ್ಕಿನಲ್ಲಿ ಮಾಡುವ ಹಾಗೆಯೇ ಹುಬ್ಬು ಗಂಟಿಕ್ಕಿದರು. "ಎಷ್ಟು ದಿವಸ ಆತ್ರಿ ಅವ್ವಾರ?"

"ಇವತ್ತಿಗೆ ಮೂರು" ಎಂದಳು ಅಮ್ಮ, ಗಂಭೀರವಾಗಿ.

"ಬಸುರಿಗೆ ರಕ್ತ ಕಂಡ್ರ ಭಾಳ ಹುಷಾರಿರಬೇಕು. ಔಷಧ ಒಂದಽ, ಮಲಗಿಸೋದು. ಯಾರೂ ಹಾರಿ ಮುಟ್ಟಬ್ಯಾಡ್ರಿ. ಅವ್ವಾರು ಎಣ್ಣಿ ಹಚ್ಚಲಿ, ನೀವು ಊಟ ಹಾಕ್ರಿ. ಒಲಿ ಅವ್ವಾರ ಅಂಗಳದಾಗ ಹೂಡ್ರಿ."

ನನಗೆ ನಗು ತಡೆಯಲಾಗಲಿಲ್ಲ. "ಎಂತ ನಗುವುದು ನೀನು? ಡಾಕ್ಟ್ರು ಹೇಳ್ತಾ ಇದ್ದಾರಲ್ಲ" ಎಂದು ಅಮ್ಮ ಗದರಿದಳು. ಬಿಟ್ಟಿ ಒಲೆಗೆ ನಮ್ಮ ಅಂಗಳ ಹೋಯಿತು ಎಂಬುದು ಅವಳಿಗೆ ಆಗ ಹೊಳೆಯಲೇ ಇಲ್ಲ. ಅವಳು ಎಣ್ಣೆ ಎರೆದಳು, ಅವರು ಚರಗ ಚೆಲ್ಲಿದರು. ಸಂಜೆ ಎಲ್ಲರೂ ಹೋದ ಮೇಲೆ ಎಲ್ಲಾದರೂ ಗೂಟ ನೆಟ್ಟಿದ್ದಾರೋ ಎಂದು ಗದ್ದೆಗೆ ಒಂದು ಸುತ್ತು ಬಂದಳು. ಪೂಜೆಯ ಐದು ಕಲ್ಲುಗಳನ್ನು ನನ್ನಿಂದ ಹೊರಿಸಿ ಕೊಟ್ಟಿಗೆಯಲ್ಲಿ ಇಡಿಸಿದಳು. ಗದ್ದೆಯಲ್ಲಿ ಇರಬಾರದು, ಆದರೆ ಬರುವ ವರ್ಷ ಕೇಳಿದರೆ ಕೊಡಬೇಕಲ್ಲ.

ವರ್ಷವೂ ಕೇಳಿದರು. ವರ್ಷವೂ ಭಾನುವಾರವೇ.

ಎಂಬತ್ತರ ದಶಕದ ಕೊನೆಯ ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ಡಾಕ್ಟರು ಹೋದರು. ಸಕ್ಕರೆ ಕಾಯಿಲೆ ಇತ್ತು. ಊರಿಗೆಲ್ಲ ಪಥ್ಯ ಹೇಳಿ ತಾವು ಪಾಲಿಸಲಿಲ್ಲ. ವಿಜಾಪುರದಲ್ಲಿದ್ದ ಅವರ ತಮ್ಮನಿಗೆ ಟ್ರಂಕ್ ಕಾಲ್ ಮಾಡಿದೆವು. ಊರಿಗೆ ತನ್ನಿ ಎಂದರು. ತರುವುದು ಹೇಗೆ? ಗುಡ್ಡ ಜರಿದು ಘಾಟಿ ರಸ್ತೆ ಬಂದ್ ಆಗಿತ್ತು. ಗುಡ್ಡದ ಬದಿಯಲ್ಲಿ ಹಿಂದೆ ಜಾಗ ಕೊಟ್ಟವರು ಈ ಸಲ ಆಗುವುದಿಲ್ಲ ಎಂದರು. ಜಾಗ ಬೇಡಿ ತರುವ ಮನುಷ್ಯ ಜಗಲಿಯಲ್ಲಿ ಮಲಗಿದ್ದರು. ಗುಡಿಸಲಿನವರೆಲ್ಲ ನಮ್ಮ ಅಂಗಳದಲ್ಲಿ ಮಳೆಗೆ ಗೋಣಿಕೊಪ್ಪೆ ಹಾಕಿಕೊಂಡು ನಿಂತಿದ್ದರು. ಸುಟ್ಟರೆ ಆಗುವುದಿಲ್ಲವಾ ಎಂದು ಯಾರೋ ಕೇಳಿದರು. ಅಂದು ಬಯಕೆ ಊಟ ತಂದಿದ್ದ ಮುದುಕಿ ತಲೆಗೆ ಕೈಯಿಟ್ಟು ಕೂತಳು. ನನಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಊರಿನವರಿಗೆಲ್ಲ ಓಡಾಡಿದವರು ತನಗೊಂದು ಜಾಗ ನೋಡಿಟ್ಟುಕೊಳ್ಳಬಾರದಿತ್ತೇ?

"ನಮ್ಮ ಗದ್ದೆಯ ಮೇಲಿನ ಮೂಲೆಯಲ್ಲಿ ನೀರು ನಿಲ್ಲುವುದಿಲ್ಲ" ಎಂದಳು ಅಮ್ಮ.

ನನ್ನ ಸೋದರಮಾವ ಅವಳನ್ನು ಬದಿಗೆ ಕರೆದರು. "ಅಕ್ಕಾ, ತಲೆ ಸರಿ ಉಂಟಾ ನಿನಗೆ? ಒಂದು ಸಮಾಧಿ ಆದ್ರೆ ಗದ್ದೆ ಹೋಯ್ತು ಅಂತಲೇ. ವರ್ಷ ವರ್ಷ ಬರ್ತಾರೆ, ಮತ್ತೆ ನಮ್ಮದು ಅಂತಾರೆ."

"ಉಳಿದದ್ದೆಲ್ಲ ನನ್ನನ್ನು ಕೇಳದೆ ಹೋಯ್ತು ತಮ್ಮ. ಇದನ್ನು ನಾನೇ ಕೊಡ್ತಾ ಇದ್ದೇನೆ. ಒಂದನ್ನಾದರೂ ನಾನೇ ಕೊಡ್ತೇನೆ, ಬಿಡು."

ಆ ಮಳೆಯಲ್ಲೇ ಡಾಕ್ಟರರನ್ನು ಅವರವರ ಕ್ರಮದಂತೆ ಅಲ್ಲಿ ಕೂರಿಸಿ ಮಣ್ಣು ಮುಚ್ಚಿದರು. ಅಮ್ಮ ಕೊನೆಯವರೆಗೂ ನಿಂತಿದ್ದಳು.

ಅಮ್ಮನೂ ಹೋಗಿ ಬಹಳ ಕಾಲವಾಯಿತು. ಡಿಕ್ಲರೇಶನ್ ಯಾರೂ ಕೊಡಲಿಲ್ಲ. ಫೆಬ್ರವರಿಯ ಭಾನುವಾರ ಜನ ಈಗಲೂ ಬರುತ್ತಾರೆ. ಅವರ ಮಕ್ಕಳು ನನ್ನಲ್ಲಿ ತುಳುವಿನಲ್ಲೇ ನೀರು ಎಲ್ಲಿ, ಚಾಪೆ ಎಲ್ಲಿ ಎಂದು ಕೇಳಿ ಪ್ರಾಣ ತಿನ್ನುತ್ತಾರೆ. ಸುತ್ತ ಫ್ಲ್ಯಾಟುಗಳು ಎದ್ದಿವೆ. ಬ್ರೋಕರುಗಳು ಕಾರಿನಿಂದ ಇಳಿದು ಖುಷಿಯಲ್ಲಿ ಗದ್ದೆ ನೋಡುತ್ತಾರೆ, ಮೂಲೆ ನೋಡಿ ಮುಖ ಹುಳಿ ಮಾಡುತ್ತಾರೆ. ಮೊನ್ನೆ ಬಂದವನು, "ಅದನ್ನು ಬೇರೆ ಕಡೆ ಶಿಫ್ಟ್ ಮಾಡ್ಲಿಕ್ಕೆ ಆಗ್ತದಾ ಸರ್?" ಎಂದ. ಆಗುವುದಿಲ್ಲ ಎಂದೆ.

"ಯಾರದ್ದು ಸರ್ ಅದು, ನಿಮ್ಮ ಮನೆಯವರದ್ದಾ?"

ಹೌದು ಮಾರಾಯ, ನಮ್ಮ ಮನೆಯವರದ್ದು ಎಂದೆ. ಮನೆಯವರಲ್ಲದೆ ಬೇರೆ ಯಾರು ಇಷ್ಟು ತೊಂದರೆ ಕೊಡುತ್ತಾರೆ?